ಮೂಲಾ ನಕ್ಷತ್ರದವಳಿಗೆ ಸಿಕ್ಕ ಮಾವ

ನಮ್ಮ ಮಾವನವರ ಮೂಗಿನ ಎಡಹೊಳ್ಳೆಯಲ್ಲಿ ಒಂದು ತೂತಿತ್ತು. ಮೇಲೆ ಕೆಂಪು ರುಮಾಲು, ಕೆಳಗೆ ಹುರಿಮೀಸೆ, ನಡುವೆ ಹೆಂಗಸರ ಹಾಗೆ ಚುಚ್ಚಿದ ಮೂಗು. ಅವರಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಇದನ್ನಾದರೂ ಹೆಣ್ಣೆಂದು ತಿಳಿದು ಯಮ ಬಿಟ್ಟುಹೋಗಲಿ ಎಂದು ಅವರವ್ವ ಚುಚ್ಚಿಸಿದ್ದಳಂತೆ. "ಯಮಗ ಅಷ್ಟೂ ತಿಳಿಯಂಗಿಲ್ಲೇನ?" ಎಂದು ಮಾವನವರು ಮೀಸೆಯೊಳಗೇ ನಗುತ್ತಿದ್ದರು. "ನಾ ಉಳದದ್ದು ನಮ್ಮವ್ವನ ಹಾಲಿನಿಂದ. ಹೆಸರು ಬಂದದ್ದು ಮೂಗುತಿಗೆ."

ಅವರದು ನರಗುಂದದ ಪೇಟೆಯಲ್ಲಿ ಕಾಳಿನ ವ್ಯಾಪಾರ. ನಾನು ಬೆಳವಣಕಿಯವಳು, ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾದ ಹೆಣ್ಣು ಹೊಕ್ಕ ಮನೆಯಲ್ಲಿ ಮಾವ ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಶಾಸನದಂಥ ಮಾತು. ಹೀಗಾಗಿ ಐವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮಪ್ಪ ನನಗೆ ವರ ಹುಡುಕಲಿಲ್ಲ, ಮಾವನಿಲ್ಲದ ಮನೆ ಹುಡುಕಿದ. ಒಂದು ಸಲ ಗಜೇಂದ್ರಗಡದಿಂದ ಬಂದವನೇ, ಚಪ್ಪಲಿಯನ್ನೂ ಬಿಡದೆ, "ಚಲೋ ಮನಿ ಸಿಕ್ಕೇತಿ. ಹುಡುಗನ ಅಪ್ಪ ಹ್ವಾದ ವರ್ಷ ತೀರಿಕೊಂಡಾನಂತ!" ಎಂದು ಹಿಗ್ಗಿದ. ಯಾರದೋ ಸಾವಿಗೆ ನಮ್ಮ ಮನೆಯಲ್ಲಿ ಸಕ್ಕರೆ ಹಂಚುವುದೊಂದು ಬಾಕಿ. ನನಗೆ ಸಿಟ್ಟು ಬಂತು, ಆದರೆ ಹುಡುಗಿಯ ಸಿಟ್ಟನ್ನು ಯಾರು ಕೇಳುತ್ತಾರೆ? ಕಡೆಗೆ ಅವರೂ ಬೇಡವೆಂದರು. ಅಲ್ಲಿ ಹುಡುಗನ ದೊಡ್ಡಪ್ಪನಿದ್ದ, ಅವನಿಗೂ ಜೀವದ ಆಸೆ.

ಆಮೇಲೆ ಹೆಣ್ಣು ನೋಡಲು ಬಂದವರು ಈ ಮಾವನವರು. ಬಂದದ್ದು ಮಂಗಳವಾರ, ಅದೂ ಮೂರು ಮಂದಿ. ಮೂವರು ಕೂಡಿ ಹೋದರೆ ಕೆಲಸ ಕೆಡುತ್ತದೆಂದು ಜನ ನಾಲ್ಕನೆಯವನ ಬದಲಿಗೆ ಕಿಸೆಯಲ್ಲಿ ಒಂದು ಕಲ್ಲನ್ನಾದರೂ ಇಟ್ಟುಕೊಳ್ಳುತ್ತಿದ್ದ ಕಾಲವದು. ಇವರು ಅದನ್ನೂ ತಂದಿರಲಿಲ್ಲ. ಅಪ್ಪ ಕೈಮುಗಿದು ನಕ್ಷತ್ರದ ಸಂಗತಿ ಹೇಳಿದ.

"ಸಾಯಾವ ನಾನು, ಅಂಜಾಕತ್ತವ್ರು ನೀವು. ಇದೆಂಥಾದ್ರೀ ಬೀಗರ?" ಎಂದರು ಮಾವನವರು. ಮಾತುಕತೆ ಶುರುವಾಗುವ ಮೊದಲೇ ಬೀಗರು ಎಂದುಬಿಟ್ಟಿದ್ದರು.

ಎಲ್ಲವನ್ನೂ ಧಿಕ್ಕರಿಸುವ ಮನುಷ್ಯರೇನಲ್ಲ. ಸೋಮವಾರ ಎತ್ತು ಹೂಡಬಾರದೆಂಬುದನ್ನು ಅವರು ಎಂದೂ ಮೀರಲಿಲ್ಲ. "ಅದು ಎತ್ತಿಗೆ ಒಂದಿನಾರ ಆರಾಮ ಸಿಗಲಿ ಅಂತ ಹಿರ್ಯಾರು ಮಾಡಿದ್ದು. ಈ ಮೂಲಾ, ಈ ಮೂರು, ಇವೆಲ್ಲಾ ಅಂಜಿಕಿಗೆ ಹುಟ್ಟಿದ್ವು. ಕೆಟ್ಟದ್ದು ಆತಂದ್ರ ಬೈಯಾಕ ಒಂದು ಹೆಸರು ಬೇಕಲ್ಲ, ಹೊಸದಾಗಿ ಮನಿಗೆ ಬಂದಾಕೀದು ಲಗೂ ಸಿಗತೈತಿ," ಎನ್ನುತ್ತಿದ್ದರು. ತಾಟಿಗೆ ಮೂರು ರೊಟ್ಟಿ ನೀಡಬಾರದೆಂದು ಅತ್ತೆಯವರು ನಾಲ್ಕನೆಯದರ ಚೂರೊಂದನ್ನು ಸೇರಿಸುತ್ತಿದ್ದರು. ಮಾವನವರು ಆ ಚೂರನ್ನು ಅತ್ತೆಯವರ ಕೈಗೇ ಮರಳಿ ಕೊಟ್ಟು, ಮೂರನ್ನೇ ಉಂಡು, ಬೇಕೆಂದೇ ಜೋರಾಗಿ ತೇಗುತ್ತಿದ್ದರು. ಅತ್ತೆಯವರಿಗೆ ಮಾತ್ರ ಒಳಗೊಳಗೇ ನಡುಕ. ಗಂಡ ಸೀನಿದರೂ ಅವರು ನನ್ನ ಮುಖ ನೋಡುತ್ತಿದ್ದರು.

ನಾನು ಆ ಮನೆ ಹೊಕ್ಕ ಮೂರ್ನಾಲ್ಕು ವರ್ಷಕ್ಕೆ ಮಾವನವರಿಗೆ ಎದೆನೋವು ಶುರುವಾಯಿತು. ಡಾಕ್ಟರು ಗುಂಡಿಗೆ ಸೋತಿದೆ ಎಂದರು. ರೋಣದಿಂದ ಮಾವನವರ ದೊಡ್ಡಪ್ಪನ ಮಗ, ವರಸೆಯಲ್ಲಿ ಅಣ್ಣ, ಬಂದರು. "ಈಕೀನ್ನ ತವರಿಗೆ ಕಳಸ್ರಿ, ತಾನೇ ಆರಾಮಾಗತಾನ," ಎಂದರು. ನನ್ನ ಗಂಡ ತಲೆ ತಗ್ಗಿಸಿದ. ನಾನು ಪೆಟ್ಟಿಗೆ ತೆರೆದು ಸೀರೆ ತುಂಬತೊಡಗಿದೆ. ಖರೇ ಹೇಳಬೇಕೆಂದರೆ ಅಂಜಿಕೆ ನನಗೂ ಹತ್ತಿತ್ತು. ನಾನು ಹೋದರೆ ಇವರು ಉಳಿಯುವುದಾದರೆ ಹೋಗಿಬಿಡೋಣ ಅನ್ನಿಸಿತ್ತು. ಮಾವನವರು ಹಾಸಿಗೆಯಿಂದಲೇ ಕೂಗಿದರು:

"ಪೆಟಗಿ ಮುಚ್ಚವ್ವಾ. ಈಗ ನೀ ಹ್ವಾದ್ರ, ನಾ ಉಳದ್ರೂ ನಿನ್ನ ಮ್ಯಾಲ ಬರತೈತಿ, ಸತ್ರೂ ನಿನ್ನ ಮ್ಯಾಲ ಬರತೈತಿ. ಇಲ್ಲೇ ಇರು."

ಅಂದಿನಿಂದ ಗಂಜಿ, ಔಷಧ ಎಲ್ಲವೂ ನನ್ನ ಕೈಯಿಂದಲೇ ಆಗಬೇಕೆಂದು ಹಟ ಹಿಡಿದರು. ನೆಂಟರು ನೋಡಲು ಬಂದಾಗಲಂತೂ ಕಾರಣವಿಲ್ಲದೆಯೂ ಕರೆಯುತ್ತಿದ್ದರು. ಕೊನೆಯ ದಿನ ಮೇಲುಸಿರು ಹತ್ತಿತು. ಮಗ ಬಾಯಿಗೆ ನೀರು ಬಿಡಲು ಬಂದರೆ ಅವನ ಕೈ ಸರಿಸಿ ನನ್ನ ಕಡೆ ನೋಡಿದರು. ಪಡಸಾಲೆಯ ತುಂಬ ಮಂದಿ. ಅವರೆಲ್ಲರ ಎದುರಿಗೆ ನಾನು ನೀರು ಬಿಟ್ಟೆ. ಗುಟುಕರಿಸಿ, "ಚಲೋ ಆತು," ಎಂದರು. ಮತ್ತೆ ಮಾತಾಡಲಿಲ್ಲ.

ಮರುದಿನ ರೋಣದ ಆ ಅಣ್ಣ, ದುಃಖ ಕೇಳಲು ಬಂದಿದ್ದ ನಮ್ಮಪ್ಪನಿಗೆ ಹೇಳಿದರು: "ಅಂದಂಗೇ ಆತು. ಇನ್ನ ನಿಮ್ಮ ಮಗಳ್ನ ಕರಕೊಂಡು ನಡೀರಿ."

ಅಪ್ಪ ತಪ್ಪಿತಸ್ಥನ ಹಾಗೆ ಎದ್ದ. ಮೂಲೆಯಲ್ಲಿ ಅತ್ತೆಯವರು ಕೂತಿದ್ದರು. ಭಾವನ ಎದುರಿಗೆ ಅವರು ತುಟಿ ಬಿಚ್ಚಿದ್ದನ್ನು ನಾನು ಕಂಡೇ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ಕೂಡ್ರಿ ಬೀಗರ. ಸತ್ತಾವ ನನ್ನ ಗಂಡ. ನಾನೇ ಆಕೀಗಿ ಏನೂ ಅನ್ನಾಕತ್ತಿಲ್ಲ. ಉಳದವ್ರು ಯಾರ್ರೀ ಅನ್ನಾಕ?"

ಅಣ್ಣನವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಯಾರೂ ತಡೆಯಲಿಲ್ಲ.

ಮೂಲಾ ಸುಳ್ಳಾಗಲಿಲ್ಲ ನೋಡಿ ಎಂದು ಊರವರು ಇವತ್ತಿಗೂ ನಮ್ಮ ಮನೆ ತೋರಿಸುತ್ತಾರೆ. ತೋರಿಸಲಿ. ಹೆತ್ತವರು ನನಗೆ ಮಾವನಿಲ್ಲದ ಮನೆ ಹುಡುಕುತ್ತಿದ್ದರು. ನನಗೆ ಅಂಥ ಮಾವ ಸಿಕ್ಕರು. ಅವರು ಇನ್ನೂ ಇಪ್ಪತ್ತು ವರ್ಷ ಇರಬೇಕಾಗಿತ್ತು.