ಕಪ್ಪಾಗು ಎಂದು ಹರಸುತ್ತಿದ್ದ ಸುಮತಿಯಕ್ಕ

‘ಕಪ್ಪಾಗು ಮಾರಾಯ, ಚಂದ ಮಾಡಿ ಕಪ್ಪಾಗು’ ಎಂದು ಗಾಜಿನ ಫ್ಲಾಸ್ಕಿಗೆ ಲಲ್ಲೆಗರೆಯುತ್ತಿದ್ದ ಹೆಂಗಸು ಸುಮತಿಯಕ್ಕ. ಲೋಕವೆಲ್ಲ ಬೆಳ್ಳಗಾಗಲೆಂದು ಮುಖಕ್ಕೆ ಕ್ರೀಮು ಬಳಿಯುವಾಗ, ಕಪ್ಪಾಗೆಂದು ಹರಸುವವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ವಡಾಲದಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ವೇಗವರ್ಧಕಗಳನ್ನು ತಯಾರಿಸುವ ಸಣ್ಣ ಕಂಪನಿಯ ಲ್ಯಾಬಿನಲ್ಲಿ ಅವರು ನನಗೆ ಹಿರಿಯರು. ಪ್ಲಾಟಿನಂ ಉಪ್ಪನ್ನು ಗ್ಲೈಕಾಲ್ ಎಂಬ ಎಣ್ಣೆಯಂಥ ದ್ರವದಲ್ಲಿ ಕಾಯಿಸಿದರೆ ಹಳದಿ ಬಣ್ಣ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಆ ಕಪ್ಪೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳು. ಎಲ್ಲವೂ ಒಂದೇ ಗಾತ್ರದವಾಗಿ ತೇಲುತ್ತಿದ್ದರೆ ಮಾಲು ಪಾಸು. ಒಂದಕ್ಕೊಂದು ಅಂಟಿ ತಳಕ್ಕೆ ಕೂತರೆ ಮಾಡಿದ್ದೆಲ್ಲ ದಂಡ. ನಾನು ಪ್ರೊಬೇಷನ್ ಮೇಲಿದ್ದೆ. ಇದೊಂದನ್ನು ಸರಿಯಾಗಿ ಮಾಡಿ ತೋರಿಸಿದರೆ ಕೆಲಸ ಕಾಯಂ ಎಂದು ಮ್ಯಾನೇಜರ್ ಹೇಳಿದ್ದರು.

ಉಡುಪಿ ಕಡೆಯ ಸುಮತಿಯಕ್ಕನ ಬಾಯಿ ಜೋರು, ಮನಸ್ಸು ಬೆಣ್ಣೆ. ಹಾಗೆಂದೇ ನಾನು ತಿಳಿದಿದ್ದೆ. ರಕ್ಷಣೆಯ ಕನ್ನಡಕವನ್ನು ಸದಾ ತಲೆಯ ಮೇಲೇರಿಸಿಕೊಂಡಿರುತ್ತಿದ್ದರು. ‘ಕಣ್ಣಿಗ್ ಹಾಕ್ಕೊಳ್ರೀ ಅಕ್ಕಾ’ ಎಂದರೆ, ‘ತಲೆ ಉಳಿದ್ರೆ ಕಣ್ಣೂ ಉಳೀತದೆ’ ಎನ್ನುವರು. ನನ್ನವ್ವ ಆಸ್ಪತ್ರೆ ಸೇರಿದಾಗ ದಿನಾ ಗಂಜಿಯ ಡಬ್ಬಿ ಹೊತ್ತು ಬಂದು, ತಾವೇ ಕೂತು ಕುಡಿಸಿದರು. ‘ಹಿಂದಿನ ಜನ್ಮದ ಮಗಳು’ ಎಂದು ಅವ್ವ ಕಣ್ಣು ತುಂಬಿಕೊಂಡಿದ್ದಳು.

ಅವರು ಹೇಳಿಕೊಟ್ಟಂತೆಯೇ ಮಾಡುತ್ತಿದ್ದೆ. ಅದೇ ಉಪ್ಪು, ಅದೇ ಬಿಸಿ. ಆದರೂ ನನ್ನ ಕಪ್ಪು ಪ್ರತಿ ಸಲ ತಳಕ್ಕೆ ಕೂರುತ್ತಿತ್ತು. ‘ಕೈಗುಣ ಮಾರಾಯ್ತಿ. ಕೆಲವರು ನೆಟ್ಟ ಮಲ್ಲಿಗೆ ಚಿಗುರೂದೇ ಇಲ್ಲ, ಎಂತ ಮಾಡುದು?’ ಎಂದು ಬೆನ್ನು ಸವರುತ್ತಿದ್ದರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು, ಮೂರ್ಖಳು, ಅದನ್ನೂ ನಂಬಿದೆ. ಮ್ಯಾನೇಜರ್ ನನ್ನ ಬಗ್ಗೆ ಕೇಳಿದಾಗಲೂ ‘ಒಳ್ಳೆ ಹುಡುಗಿ, ಆದ್ರೆ ಈ ಕೆಲ್ಸ ಅವಳಿಗೆ ಹತ್ತುದಿಲ್ಲ’ ಎಂದು ನನ್ನೆದುರಿಗೇ ಹೇಳಿದರು. ತಿಂಗಳ ಕೊನೆಗೆ ಬಿಟ್ಟುಹೋಗುವಂತೆ ನನಗೆ ಹೇಳಿದ್ದಾಯಿತು.

ಹೊರಡಲು ಕೆಲವೇ ದಿನಗಳಿದ್ದಾಗ, ಮಳೆಗೆ ಲೋಕಲ್ ರೈಲು ನಿಂತೀತೆಂದು ಒಂದು ಬೆಳಿಗ್ಗೆ ಬೇಗ ಬಂದೆ. ಸುಮತಿಯಕ್ಕ ಆಗಲೇ ಬಂದಿದ್ದರು. ಒಲೆಯ ಮೇಲೆ ಫ್ಲಾಸ್ಕು ಬಾಯಿ ತೆರೆದು ಕಾಯುತ್ತಿತ್ತು. ಒಳಗೆ ಬರೀ ಗ್ಲೈಕಾಲ್.

‘ಉಪ್ಪು ಹಾಕಿಲ್ಲಲ್ರೀ ಅಕ್ಕಾ?’

‘ಮೊದ್ಲು ಇದನ್ನೇ ಗಾಳಿ ತಾಗುವ ಹಾಗೆ ಕಾಯಿಸ್ಬೇಕು. ಉಪ್ಪು ಆಮೇಲೆ.’ ಬಾಯಿ ತಪ್ಪಿ ಬಂದುಬಿಟ್ಟಿತ್ತು. ‘ನಿಂಗೆ ಹೇಳ್ಲಿಲ್ವಾ? ಮರ್ತೇ ಹೋಯ್ತು ನೋಡು.’

ಅವತ್ತೇ ಹಾಗೆ ಮಾಡಿ ನೋಡಿದೆ. ನನ್ನ ಕಪ್ಪು ಸಂಜೆಯವರೆಗೂ ತಳ ಮುಟ್ಟಲಿಲ್ಲ. ಮ್ಯಾನೇಜರಿಗೆ ತೋರಿಸಿದೆ. ‘ಈಗ ತಡವಾಯ್ತು. ಇದ್ದದ್ದೇ ಒಂದು ಕಾಯಂ ಜಾಗ, ಸುಮತಿಗೆ ಕೊಟ್ಟಾಯ್ತು’ ಎಂದರು. ಸುಮತಿಯಕ್ಕನೂ ನನ್ನಂತೆ ಕಾಯಂ ಆಗದವರೆಂದು ನನಗೆ ತಿಳಿದದ್ದೇ ಆಗ.

ಕೊನೆಯ ದಿನ ನನ್ನ ಚೀಲ ಹಿಡಿದು ಸ್ಟೇಷನ್ನಿಗೆ ಬಂದರು, ಬೇಡವೆಂದರೂ ಕೇಳದೆ. ಪ್ಲಾಟ್‌ಫಾರ್ಮಿನಲ್ಲಿ ನನಗೆ ತಡೆಯಲಾಗಲಿಲ್ಲ.

‘ನಮ್ಮವ್ವಗ ಗಂಜಿ ಕುಡಿಸಿದ್ರಿ. ಈ ಒಂದ್ ಮಾತು ಹೇಳಾಕ ಏನಾಗಿತ್ರೀ?’

‘ಗಂಜಿ ಕೊಟ್ರೆ ಡಬ್ಬಿ ಖಾಲಿ ಆಗ್ತದೆ, ಅಷ್ಟೆ’ ಎಂದರು ತಗ್ಗಿದ ದನಿಯಲ್ಲಿ. ‘ಅದನ್ನು ಕೊಟ್ಟಿದ್ರೆ ನಾನು ಮನೆಗೆ ಹೋಗ್ಬೇಕಿತ್ತು.’

ಹಾಗೆಂದು ಅತ್ತರು. ಆ ಅಳು ನಾಟಕವಾಗಿದ್ದರೆ ಒಳ್ಳೆಯದಿತ್ತು, ಬೈದು ಮರೆಯಬಹುದಿತ್ತು. ಅದು ನಿಜವಾದ ಅಳು. ಗಾಡಿ ಬಂತು. ಜನರನ್ನು ತಳ್ಳಿ ನನ್ನನ್ನು ಹತ್ತಿಸಿದರು, ಕೈ ಬೀಸಿದರು. ನಾನು ಬೀಸಲಿಲ್ಲ.