ಕಥಾನಾಯಕನ ಒದ್ದೆ ಬಟ್ಟೆ

ನಿವೃತ್ತನಾದವನು ಒಂದು ಕಾದಂಬರಿಯನ್ನಾದರೂ ಬರೆಯದಿದ್ದರೆ ಊರಿನವರು ಅನುಮಾನದಿಂದ ನೋಡುತ್ತಾರೆಂದು ನಾನೂ ಒಂದು ಬರೆದೆ. ವಿಷಯ ಆತ್ಮಶೋಧನೆ. ಅದಕ್ಕೆ ಹೆಚ್ಚು ಸಾಮಾನು ಬೇಡ: ಒಂದು ನದಿ, ಒಂದು ದೀಪ, ಕಡಿಮೆ ಮಾತಾಡುವ ಒಬ್ಬ ಅಂಬಿಗ. ನಂಜನಗೂಡಿನವನಾದ ನನಗೆ ನದಿ ಬಾಗಿಲಲ್ಲೇ ಇತ್ತು.

ನನ್ನ ಕಥಾನಾಯಕ ಹೆಂಡತಿ ಮಲಗಿರುವಾಗ ಮನೆ ಬಿಡುತ್ತಾನೆ. ಕಪಿಲೆಯ ದಡ ಹಿಡಿದು ತಿರುಮಕೂಡಲಿನ ಸಂಗಮಕ್ಕೆ, ಅಲ್ಲಿಂದ ತಲಕಾಡಿನ ಮರಳಿಗೆ ಹೋಗುತ್ತಾನೆ. ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಸಂಜೆ ಕಾಫಿಗೆ ವಾಪಸು ಬರಬಹುದಾದ ದಾರಿ. ಅವನಿಗೆ ಹನ್ನೆರಡು ವರ್ಷ ಹಿಡಿಯಿತು. ಆತ್ಮಕ್ಕೆ ಬಸ್ಸು ಹತ್ತುವ ಅಭ್ಯಾಸವಿಲ್ಲ.

ಪ್ರಶಸ್ತಿಗಳ ಅನುಭವವಿದ್ದ ಸ್ನೇಹಿತರೊಬ್ಬರು ಹಸ್ತಪ್ರತಿ ನೋಡಿ, “ಸಂಕೇತ ಒಂದು ಸಲ ಬಂದ್ರೆ ಯಾರೂ ಗಮನಿಸಲ್ಲ ಕಣ್ರೀ. ಮತ್ತೆ ಮತ್ತೆ ಬರ್ಬೇಕು. ವಿಮರ್ಶಕರಿಗೂ ಕೆಲ್ಸ ಬೇಡ್ವಾ?” ಎಂದರು. ಅಲ್ಲಿಂದ ನನ್ನ ಕೈ ನಿಲ್ಲಲಿಲ್ಲ. ದೀಪ ಅಧ್ಯಾಯಕ್ಕೊಮ್ಮೆ ನಂದಿತು. ನಮ್ಮೂರಿಗೆ ಬರುವ ಹರಕೆಯವರು ಹೊಳೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಅಲ್ಲೇ ಬಿಡುವುದುಂಟು. ಪಾಪ ಅವರದು, ಬಟ್ಟೆ ಹೊಳೆಯ ಪಾಲು. ಅದನ್ನೇ ನಾನು ಅಹಂಕಾರ ಕಳಚುವ ಸಂಕೇತ ಮಾಡಿದೆ. ಕಥಾನಾಯಕ ನೀರು ಕಂಡಲ್ಲೆಲ್ಲ ಬಟ್ಟೆ ಬಿಟ್ಟ. ಅಹಂಕಾರ ಮಾತ್ರ ಪ್ರತಿ ಅಧ್ಯಾಯದಲ್ಲೂ ಹೊಸದಾಗಿ ಹುಟ್ಟಿತು. ಇಲ್ಲದಿದ್ದರೆ ಮುಂದಿನ ಸಲ ಕಳಚಲು ಏನಿರುತ್ತದೆ?

ನನ್ನ ಹೆಂಡತಿ ಗಿರಿಜಾ ಒಪ್ಪದೆ ಕಾದಂಬರಿಯನ್ನು ಅಚ್ಚಿಗೆ ಕೊಡಬಾರದೆಂದು ನಿಶ್ಚಯಿಸಿ, ಹಸ್ತಪ್ರತಿಯನ್ನು ಅವಳ ಕೈಗಿಟ್ಟೆ. ಅವಳು ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿ ಅವರೆಕಾಯಿ ಸುಲಿಯಲು ಕೂರುವವಳು. ಈ ಸಲ ಅವರೆಕಾಯಿ ಎದುರಿಗೇ ಇದ್ದರೂ ಮುಟ್ಟಲಿಲ್ಲ. ನನ್ನ ಎದೆ ಉಬ್ಬಿತು.

ಕೊನೆಯ ಹಾಳೆ ಮಗುಚಿ ಕೇಳಿದಳು: “ಅಲ್ಲಾ ಕಣ್ರೀ, ಇವ್ನು ಹೋದ ಕಡೆಯೆಲ್ಲ ಬಟ್ಟೆ ಬುಟ್ಟು ಮುಳುಗ್ತಾನಲ್ಲ, ಮೇಲಕ್ ಬಂದ್ಮೇಲೆ ಉಟ್ಕೊಳಕ್ಕೆ ಒಣಗಿದ್ದು ಯಾರು ಕೊಟ್ರು?”

ಹೊಳೆಯ ಮೆಟ್ಟಿಲು ನೆನಪಾಯಿತು. ಮುಳುಗುವ ಗಂಡಸಿಗೆಲ್ಲ ಮೇಲೊಬ್ಬಳು ಟವೆಲು, ಪಂಚೆ ಹಿಡಿದು ನಿಂತಿರುತ್ತಾಳೆ. ಇಷ್ಟು ವರ್ಷ ನೋಡಿಯೂ ಅವಳನ್ನು ನಾನು ಬರೆದಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು.

“ಆ ಹೆಂಡ್ತಿ ಎದ್ಮೇಲೆ ಏನಾದ್ಲೋ, ಪಾಪ. ಅವ್ಳಿಗೊಂದು ಹೆಸ್ರಾದ್ರೂ ಮಡಗಿ,” ಎಂದಳು ಗಿರಿಜಾ. “ಆಮೇಲೆ ಅಚ್ಚಿಗೆ ಕೊಡಿ, ನಾನು ಬ್ಯಾಡ ಅನ್ನಕಿಲ್ಲ.”

ಒಂದು ಹೆಸರು ತಾನೆ ಎಂದು ಪೆನ್ನು ಹಿಡಿದು ಕೂತೆ. ಎಷ್ಟು ಯೋಚಿಸಿದರೂ ಒಂದೇ ಹೆಸರು ಬಂತು. ‘ಗಿರಿಜಾ ಮಲಗಿದ್ದಳು’ ಎಂದು ಬರೆದೆ. ಅಷ್ಟೇ, ಕಥಾನಾಯಕ ಹೊಸಿಲಲ್ಲಿ ನಿಂತುಬಿಟ್ಟ. ಎಷ್ಟು ದೂಡಿದರೂ ಆಚೆ ಹೆಜ್ಜೆ ಇಡಲೊಲ್ಲ.