ಯೋಗದ ಚೀಲದೊಳಗಿನ ಗಾಳದ ಕೋಲು

ಸುಂಯ್!

ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬರ್ಕ್ಲಿಯಿಂದ ಸ್ವಲ್ಪ ಆಚೆ, ಆಟದ ಸಾಮಾನಿನ ದೊಡ್ಡ ಅಂಗಡಿಯೊಂದರಲ್ಲಿ, ಮೀನು ಹಿಡಿಯುವ ರಾಡುಗಳ ಸಾಲಿನ ಮುಂದೆ ನಿಂತು ನಾನೊಂದು ತೆಳ್ಳನೆಯ ರಾಡನ್ನು ಗಾಳಿಯಲ್ಲಿ ಬೀಸಿದ್ದೆ. ಸದ್ದು ಕೇಳಿದ್ದೇ ತಡ, ನನ್ನ ಎಡಗೈ ತಾನಾಗಿ ಹೋಗಿ ಬೆನ್ನ ಹಿಂದೆ ಅಡಗಿಕೊಂಡಿತು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ ಬೆತ್ತ ಹೀಗೇ ಮಾತಾಡುತ್ತಿತ್ತು. ದಪ್ಪ ಬೆತ್ತದ್ದು ಬರೀ ಗದ್ದಲ, ಅಂಗೈಗೆ ನೆಟ್ಟಗೆ ಸುದ್ದಿ ಮುಟ್ಟಿಸುವುದು ತೆಳ್ಳನೆಯದೇ ಎಂಬುದು ಅಲ್ಲಿ ಕಲಿತ ವಿದ್ಯೆ. ಮಾರಲ್ ಸೈನ್ಸಿಗಿಂತ ಚೆನ್ನಾಗಿ ತಲೆಯಲ್ಲಿ ಉಳಿದದ್ದು ಅದೊಂದೇ.

ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ವಿಚಾರಿಸಿ ತಿನ್ನುವ ಮನೆಯವಳಿಗೆ ಮೀನಿನ ರಾಡಿನ ಮುಂದೆ ಏನು ಕೆಲಸ ಎಂದು ಕೇಳಬಹುದು. ಕೆಲಸ ನನ್ನದಲ್ಲ, ನನ್ನ ಗೆಳತಿಯದು.

ಆಕೆ ಕುಂದಾಪುರದ ಕಡೆಯವರು. ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ನಾನಿರುವ ಮಗಳ ಮನೆಗೆ ಹತ್ತಿರದ ಕೆರೆಯ ದಂಡೆಯಲ್ಲಿ, ವಾಕಿಂಗಿನ ನೆಪದಲ್ಲಿ ಕೂತುಕೊಳ್ಳುವ ಬೆಂಚಿನ ಮೇಲೆ ನಮ್ಮ ಸ್ನೇಹ ಬೆಳೆಯಿತು. ಗಂಡ, ಮೈದುನಂದಿರು ಎಲ್ಲ ದೋಣಿಯವರು. ಅವರು ಹಿಡಿದು ತಂದದ್ದನ್ನು ಇವರು ತೊಳೆದರು, ಕೊಯ್ದರು, ಬುಟ್ಟಿ ಹೊತ್ತು ಮಾರಿದರು, ಉಳಿದದ್ದನ್ನು ಸಾರು ಮಾಡಿದರು.

ಒಂದು ಸಂಜೆ, ಎದುರಿಗೆ ನೀರಿನೊಳಕ್ಕೆ ಚಾಚಿದ ಹಲಗೆಯ ಕಟ್ಟೆಯ ಮೇಲೆ ಗಾಳ ಹಾಕಿ ನಿಂತವರನ್ನು ನೋಡುತ್ತ ಆಕೆ ಹೇಳಿದರು: "ಜನ್ಮ ಇಡೀ ಮೀನು ತೊಳ್ದದ್ದೇ ಆಯ್ತು ಮಾರಾಯ್ರೆ. ನಾನೇ ಹಿಡಿದದ್ದು ಅಂತ ಒಂದೂ ಇಲ್ಲ. ಗಾಳ ಮುಟ್ಟಿದ್ರೆ ಗಂಡಸ್ರು ನಗಾಡ್ತಿದ್ರು."

"ಇಲ್ಲಿ ಯಾರೂ ನಗಲ್ಲ ರೀ. ಲೈಸೆನ್ಸ್ ತೊಗೊಂಡ್ರೆ ಆಯ್ತು."

"ಹೆಂಗಸ್ರಿಗೂ ಕೊಡ್ತಾರಾ?"

"ಇಲ್ಲಿ ನಾಯಿಗೂ ಲೈಸೆನ್ಸ್ ಕೊಡ್ತಾರೆ. ನಿಮಗೆ ಕೊಡದೆ ಇರ್ತಾರಾ?"

ಆಕೆ ನಗಲಿಲ್ಲ. ವಾಪಸು ಹೋಗುವ ಟಿಕೆಟ್ಟು ಹತ್ತಿರ ಬಂದಿತ್ತು. ಊರಿಗೆ ಹೋದರೆ ಮತ್ತೆ ಅದೇ ಗಂಡಸರು, ಅದೇ ನಗು. ಹಿಡಿಯುವುದಾದರೆ ಇಲ್ಲೇ, ಈಗಲೇ. ಆದರೆ ಕತ್ತಿ ಹಿಡಿದು ಹಿಡಿದು ಬಲಗೈ ಹೆಬ್ಬೆರಳಿನ ಗಂಟು ಸವೆದುಹೋಗಿತ್ತು. ಕಾಫಿ ಮಗ್ಗನ್ನೂ ಎರಡು ಕೈಯಲ್ಲಿ ಎತ್ತುವವರು ಅವರು.

ಮೊದಲ ಸಲ ಅಂಗಡಿಗೆ ಹೋದಾಗ ನಮ್ಮ ಜನ ಮಾಡುವ ತಪ್ಪನ್ನೇ ಮಾಡಿದೆವು. ಕುಕ್ಕರಾಗಲಿ, ಕಪಾಟಾಗಲಿ, ನಾವು ಕೊಳ್ಳುವಾಗ ನೋಡುವುದು ಗಟ್ಟಿ ಇದೆಯೋ ಇಲ್ಲವೋ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೋ ಇಲ್ಲವೋ ಎಂದು. ಮೇಲಾಗಿ ಆಕೆಯ ಕಣ್ಣಿನಲ್ಲಿ ಮೀನೆಂದರೆ ತೋಳುದ್ದದ ಅಂಜಲ್. ಒನಕೆಯ ತಮ್ಮನಂತಿದ್ದ ಸಮುದ್ರದ ರಾಡೊಂದನ್ನು ಇಬ್ಬರೂ ಸೇರಿ ಹೊತ್ತು ತಂದೆವು.

ಮಗಳು ನನಗೆ ಫ್ರೀವೇ ನಿಷೇಧಿಸಿದ್ದಾಳೆ. ಹಾಗಾಗಿ ಗಲ್ಲಿಗಲ್ಲಿ ಸುತ್ತಿ ನಾನೇ ಕಾರು ಓಡಿಸಿದೆ. ರಾಡಿನ ಒಂದು ತುದಿ ಡ್ಯಾಶ್‌ಬೋರ್ಡಿನ ಮೇಲೆ, ಇನ್ನೊಂದು ಹಿಂದಿನ ಗಾಜಿಗೆ.

ಈ ಕೆರೆಯಲ್ಲಿರುವುದು ಅಂಜಲ್ ಅಲ್ಲ. ಬ್ಲೂಗಿಲ್, ಕ್ರ್ಯಾಪಿ ಎಂಬ ಅಂಗೈಯಗಲದ ಮೀನುಗಳು. ಇಲ್ಲಿಯವರು ಪ್ಯಾನ್‌ಫಿಶ್ ಅನ್ನುತ್ತಾರೆ, ಬಾಣಲೆಯಲ್ಲಿ ಹಿಡಿಸುವಷ್ಟು ಚಿಕ್ಕವು ಎಂದು. ಜೀವವಿರುವ ಹುಳ ಚುಚ್ಚುವುದಕ್ಕೆ ನಾನು ಒಪ್ಪಲಿಲ್ಲ, ಐ ಡ್ರಾ ದ ಲೈನ್ ದೇರ್. ಚಪಾತಿ ಹಿಟ್ಟಿಗೆ ಇಂಗು ಹಾಕಿ ನಾದಿಕೊಂಡು ಹೋಗಿದ್ದೆ. ಮೀನುಗಳು ಬಂದವು, ಹಿಟ್ಟು ತಿಂದವು, ಹೋದವು. ಆ ಒನಕೆಗೆ ಏನೂ ತಿಳಿಯಲಿಲ್ಲ. ಒಂದೇ ಒಂದು ಸಲ ದಾರ ಬಿಗಿಯಾಯಿತು. ಆಕೆ ಎರಡೂ ಕೈಯಿಂದ ಎತ್ತಿದರು. ಕ್ರ್ಯಾಪಿಯ ತುಟಿ ಹಪ್ಪಳದ ಹಾಗೆ, ಜಗ್ಗಿದರೆ ಹರಿಯುತ್ತದೆ. ಹರಿಯಿತು. ಮೀನು ನೀರಿಗೆ, ಗಾಳ ನನ್ನ ಸ್ವೆಟರಿಗೆ.

"ಸಿಕ್ಕಿತು ನೋಡಿ, ಒಳ್ಳೆ ದಪ್ಪದ್ದೇ!" ಎಂದರು ಆಕೆ. ಅಷ್ಟು ಹೇಳಿ, ಮಣಿಕಟ್ಟು ಒತ್ತಿಕೊಳ್ಳುತ್ತ ಕೂತುಬಿಟ್ಟರು. "ಸಾಕು ಮಾರಾಯ್ರೆ. ಈ ಕೈಗೆ ಆಗುವುದಿಲ್ಲ."

"ಕೈ ಸರಿಯಾಗೇ ಇದೆ. ಕೋಲು ಸರಿಯಿಲ್ಲ," ಎಂದೆ.

ಮರುದಿನ ವಾಪಸು ಕೊಡಲು ಹೋದೆವು. ಉಪಯೋಗಿಸಿದ್ದನ್ನು ಹಿಂದಿರುಗಿಸುವಾಗ ನನಗೆ ಇನ್ನೂ ಮುಖ ಕೆಂಪಾಗುತ್ತದೆ, ಈ ದೇಶದಲ್ಲಿ ಎಷ್ಟು ವರ್ಷವಿದ್ದರೂ ಅದು ಹೋಗಿಲ್ಲ. ಕೌಂಟರಿನ ಹುಡುಗಿ, ಏನು ತೊಂದರೆ ಎಂದು ವಿನಯದಿಂದ ಕೇಳಿದಳು. ನಾನು ತಡವರಿಸುತ್ತಿದ್ದಾಗ ಗೆಳತಿ ಪಕ್ಕೆ ತಿವಿದರು. "ಹೇಳಿ ನೀವು, ಮೀನಿಗೆ ಇಷ್ಟ ಆಗ್ಲಿಲ್ಲ ಅಂತ."

ನಾನು ಅಕ್ಷರಶಃ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ರಾಡು ತೆಗೆದುಕೊಂಡು ದುಡ್ಡು ವಾಪಸು ಕೊಟ್ಟಳು.

ಆಮೇಲೆ ಶುರುವಾಯಿತು ನಿಜವಾದ ಆಯ್ಕೆ. ಸೀರೆ ಅಂಗಡಿಯಲ್ಲಿ ಕೂತಷ್ಟೇ ಹೊತ್ತು ಹಿಡಿಯಿತು. ಮಕ್ಕಳ ಗುಲಾಬಿ ರಾಡು ಹಗುರವಾಗಿತ್ತು, ಆದರೆ ಮೊಳದುದ್ದ. "ಇದರಲ್ಲಿ ಹಿಡಿದ್ರೆ ಮೀನಿಗೇ ಮರ್ಯಾದೆ ಇಲ್ಲ," ಎಂದು ಆಕೆ ಇಟ್ಟುಬಿಟ್ಟರು. ಇನ್ನೊಂದು ತೆಳ್ಳಗಿತ್ತು, ಹಿಡಿ ಮಾತ್ರ ದಪ್ಪ, ಹೆಬ್ಬೆರಳು ಸುತ್ತುತ್ತಿರಲಿಲ್ಲ. ಮತ್ತೊಂದನ್ನು ಬೀಸಿದೆ, ಸದ್ದೇ ಇಲ್ಲ. ಆಗ ಸಿಕ್ಕಿದ್ದು ಆ ಸುಂಯ್. ನನ್ನ ಎತ್ತರಕ್ಕಿಂತ ತುಸು ಹೆಚ್ಚು ಉದ್ದ, ಎರಡು ತುಂಡಾಗಿ ಬಿಚ್ಚಬಹುದು, ಬುಡಕ್ಕೆ ಸಣ್ಣ ಕಾರ್ಕಿನ ಹಿಡಿ. ಮೈಮೇಲೆ ಅಲ್ಟ್ರಾಲೈಟ್ ಎಂದು ಬರೆದಿತ್ತು. ದಾರ ಸುತ್ತುವ ಪುಟ್ಟ ರೀಲು ಕೂಡಿಸಿದರೂ ಊದುಬತ್ತಿಯ ಕಟ್ಟು ಎತ್ತಿದ ಹಾಗೆ.

"ಕಣ್ಣು ಮುಚ್ಚಿ," ಎಂದೆ. ಆಕೆ ಮೂರು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದರು. ನಾನು ಆಚೆ ಕೊನೆಗೆ ಹೋಗಿ ಬಗ್ಗಿ, ರಾಡಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿದೆ.

"ಬಂತು!"

ಸುಮ್ಮನಿದ್ದೆ.

"ಹೋಯ್ತು."

ಮತ್ತೆ ಮುಟ್ಟಿದೆ. "ಬಂತು ಬಂತು! ಕಳ್ಳ ಮೀನು!"

ಸಾಲಿನ ಕೊನೆಯಲ್ಲಿ ಒಬ್ಬ ದಪ್ಪ ಮನುಷ್ಯ ತನ್ನ ತಳ್ಳುಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಹೋದ.

ಮಗಳ ಕಣ್ಣಿಗೆ ಬೀಳದಿರಲೆಂದು ರಾಡು ಎರಡು ತುಂಡಾಗಿ ನನ್ನ ಯೋಗದ ಚಾಪೆಯ ಚೀಲ ಸೇರಿತು. ಸೀನಿಯರ್ಸ್ ಯೋಗ ಕ್ಲಾಸಿನ ಹೊತ್ತಿಗೆ ಸರಿಯಾಗಿ ನಾವು ಕೆರೆಯ ಕಟ್ಟೆಯ ಮೇಲಿರುತ್ತಿದ್ದೆವು. "ಅಮ್ಮಾ, ಹೌ ವಾಸ್ ಯೋಗ?" ಎಂದು ಮಗಳು ಕೇಳಿದರೆ, "ಬ್ರೀದಿಂಗ್ ತುಂಬಾ ಇಂಪ್ರೂವ್ ಆಗಿದೆ ಕಣೇ," ಎನ್ನುತ್ತಿದ್ದೆ. ಸುಳ್ಳಲ್ಲ, ಗಾಳದ ದಾರಕ್ಕೆ ಕಟ್ಟಿದ ಬೆಂಡು ನೀರಲ್ಲಿ ಅಲುಗಿದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆವು.

ಮೀನು ಮಾತ್ರ ಬರಲಿಲ್ಲ. ಆಕೆ ಹೊರಡುವ ಹಿಂದಿನ ಸಂಜೆ ಹಿಟ್ಟು ಬಿಟ್ಟು, ಗಾಳಕ್ಕೆ ಪುಟ್ಟ ಪ್ಲಾಸ್ಟಿಕ್ ಮರಿಮೀನು ಸಿಕ್ಕಿಸಿದೆವು. ಕಟ್ಟೆಯ ಕಂಬದ ಪಕ್ಕ ಬೆಂಡು ನಿಧಾನವಾಗಿ ಓರೆಯಾಯಿತು. ನನಗಿಂತ ಮೊದಲೇ ಆಕೆಯ ಬೆರಳಿಗೆ ತಿಳಿದಿತ್ತು.

"ಜಗ್ಗಬೇಡಿ!" ಎಂದೆ.

"ಬಾಯಿ ಮುಚ್ಚಿ ನೀವು, ಅದಕ್ಕೆ ಕೇಳ್ತದೆ!"

ರಾಡು ಬಿಲ್ಲಿನಂತೆ ಬಾಗಿತು. ಎಳೆದಷ್ಟೂ ಬಾಗಿತು, ತುಟಿ ಹರಿಯಗೊಡಲಿಲ್ಲ, ಹೆಬ್ಬೆರಳನ್ನೂ ನೋಯಿಸಲಿಲ್ಲ. ಮೆಲ್ಲಗೆ, ಮೆಲ್ಲಗೆ ಒಂದು ಕ್ರ್ಯಾಪಿ ಮೇಲೆ ಬಂತು. ಬೆಳ್ಳಿಯ ಮೈ ಮೇಲೆ ಇಂಕು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಆಕೆ ಅದನ್ನು ಒದ್ದೆ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಎಷ್ಟು ಬುಟ್ಟಿ ಮೀನು ಕಂಡ ಕಣ್ಣು, ಮೀನನ್ನು ಮೊದಲ ಸಲ ನೋಡುವಂತೆ ನೋಡಿತು.

"ಸಾರಿಗೆ ಆಗುತ್ತಾ?" ಎಂದು ಮೂಗು ಮುಚ್ಚಿಕೊಂಡೇ ಉದಾರವಾಗಿ ಕೇಳಿದೆ.

"ಯಾರು ತೊಳೆಯುವುದು ಮಾರಾಯ್ರೆ ಇದನ್ನು? ನಾನಂತೂ ಇಲ್ಲ!" ಎಂದು ಕಟ್ಟೆಯ ಅಂಚಿಗೆ ಬಗ್ಗಿ ನೀರಿಗೆ ಬಿಟ್ಟರು.

ಮರುದಿನ ಆಕೆಯ ಮಗನ ಮನೆಗೆ ಬೀಳ್ಕೊಡಲು ಹೋದೆ. ಸೂಟ್‌ಕೇಸುಗಳೆಲ್ಲ ಕಾರು ಸೇರಿದ್ದವು. ರಾಡು ಕೊಡಲು ಹೋದರೆ, "ನಿಮ್ಮ ಯೋಗಕ್ಕೆ ಇರಲಿ," ಎಂದರು. ಸೊಸೆ, "ಅತ್ತೇ, ನಿನ್ನೆಯಿಂದ ಕೈಯೆಲ್ಲ ಏನೋ ಮೀನಿನ ಸ್ಮೆಲ್ ಬರ್ತಿದೆ, ತೊಳ್ಕೊಂಡ್ ಬನ್ನಿ," ಎಂದಳು. ಆಕೆ ಕೇಳಿಸದವರಂತೆ ಕಾರು ಹತ್ತಿದರು.

ಕಾರು ರಸ್ತೆಗೆ ತಿರುಗುವಾಗ ಕಿಟಕಿಯ ಗಾಜಿನಾಚೆ ಆಕೆ ನನಗೆ ಕೈ ಬೀಸಲಿಲ್ಲ. ಬಲಗೈಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು. ನಾನು ಆಕೆಯನ್ನು ಕೊನೆಯದಾಗಿ ನೋಡಿದ್ದು ಹಾಗೆ.